ಗ್ರಂಥಪೂಜೆಯೂ ಗ್ರಂಥದಾಸ್ಯವೂ

ಕಳೆದ ನವರಾತ್ರಿಯಲ್ಲಿ ಒಂದು ಸಾಯಂಕಾಲ ನಮ್ಮ ಸಂಘದ ವಾಚನಾಲಯದಲ್ಲಿ ಕುಳಿತಿದ್ದೆನು. ಅಲ್ಲಿಗೆ ನಿತ್ಯವೂ ಬರುವ ತರುಣರೊಬ್ಬರು ಚೀಟಿಯಲ್ಲಿ ಬರೆದುಕೊಂಡಿದ್ದ ಒಂದು ಆಂಗ್ಲ ಶಬ್ದವನ್ನು ನನ್ನ ಮುಂದೆ ಹಿಡಿದು, “ಮೇಷ್ಟರೇ, ಬಿಬ್ಲಿಯಾಲಟ್ರಿ ಎಂದರೇನು? ಧರ್ಮಗ್ರಂಥಗಳಲ್ಲಿ ಅತಿಯಾದ ಭಕ್ತಿ ಎಂದು ನಿಘಂಟಿನಲ್ಲಿ ಅರ್ಥ ಕೊಟ್ಟಿದ್ದಾರೆ. ಕನ್ನಡದಲ್ಲಿ ಇದನ್ನು ಒಂದೇ ಮಾತಿನಲ್ಲಿ ಹೇಗೆ ಹೇಳಬೇಕು?” ಎಂದು ಕೇಳಿದರು. ನಾನು ಹೆಚ್ಚು ಯೋಚಿಸದೆ, “ಗ್ರಂಥಪೂಜೆ ಎನ್ನಬಹುದಪ್ಪ” ಎಂದೆನು. ಅವರು ಕೊಠಡಿಯ ಮೂಲೆಯ ಕಡೆಗೆ ನೋಡಿದರು. ಅಲ್ಲಿ ಶಾರದಾಪೂಜೆಗೆಂದು ಮಣೆಯ ಮೇಲೆ ಪುಸ್ತಕಗಳನ್ನು ಪೇರಿಸಿ, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆಯ ಮಾಲೆಯನ್ನು ಹಾಕಿದ್ದರು. “ಹಾಗಾದರೆ ನಾವು ಮಾಡುತ್ತಿರುವುದೂ ಆ ದೋಷವೇ? ನನಗೆ ಬೇಕಾದ ಪುಸ್ತಕ ಆ ರಾಶಿಯಲ್ಲಿದೆ. ವಿಜಯದಶಮಿಯ ವರೆಗೆ ತೆಗೆಯುವಂತಿಲ್ಲವೆಂದು ಹೇಳಿದರು” ಎಂದರು. ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. “ಯೋಚಿಸಿ ಹೇಳುತ್ತೇನೆ” ಎಂದು ಮನೆಗೆ ಬಂದೆನು. ಆ ಯೋಚನೆಯ ಫಲವೇ ಈ ಲೇಖನ.

ಮೊದಲು ಶಬ್ದವನ್ನೇ ಬಿಡಿಸಿ ನೋಡೋಣ. ಬಿಬ್ಲಿಯಾನ್ ಎಂಬುದು ಗ್ರೀಕ್ ಭಾಷೆಯಲ್ಲಿ ಪುಸ್ತಕವಾಚಕ. ಪ್ರಾಚೀನರು ಬರೆಯುತ್ತಿದ್ದ ಪಪೈರಸ್ ಎಂಬ ಜೊಂಡಿನ ಹಾಳೆಗೆ ಅವರ ಭಾಷೆಯಲ್ಲಿ ಬಿಬ್ಲಸ್ ಎಂದು ಹೆಸರು. ಅದರಿಂದಲೇ ಪುಸ್ತಕಕ್ಕೂ, ಕ್ರೈಸ್ತರ ಧರ್ಮಗ್ರಂಥಕ್ಕೂ ಹೆಸರು ಬಂದಿತು. ಉತ್ತರಪದವಾದ ಲಾಟ್ರಿಯಾ ಎಂಬುದರ ಇತಿಹಾಸವು ಇನ್ನೂ ಸ್ವಾರಸ್ಯವಾದುದು. ಅದರ ಮೂಲದಲ್ಲಿರುವುದು ಲಾಟ್ರಾನ್, ಎಂದರೆ ಕೂಲಿ. ಕೂಲಿಗೆ ದುಡಿಯುವ ಆಳು ಲಾಟ್ರಿಸ್. ಅವನ ಊಳಿಗವೇ ಲಾಟ್ರಿಯಾ. ಕಾಲಕ್ರಮದಲ್ಲಿ ಈ ಪದವು ಮೇಲೇರಿ, ಮನುಷ್ಯನು ದೇವರಿಗೆ ಸಲ್ಲಿಸುವ ಸೇವೆಗೇ ಹೆಸರಾಯಿತು. ಆದುದರಿಂದ ನಮ್ಮ ತರುಣರು ತಂದ ಶಬ್ದಕ್ಕೆ ಅಕ್ಷರಶಃ ಅರ್ಥ ಹೇಳಬೇಕಾದರೆ, ದೇವರಿಗೆ ಸಲ್ಲತಕ್ಕ ಊಳಿಗವನ್ನು ಪುಸ್ತಕಕ್ಕೆ ಸಲ್ಲಿಸುವುದು ಎಂದಾಗುವುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೌರವವೆಲ್ಲವೂ ಲಾಟ್ರಿಯಾ ಅಲ್ಲ. ಕ್ರಿಸ್ತಶಕ ೭೮೭ರಲ್ಲಿ ನಿಕೇಯ ಎಂಬ ನಗರದಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳ ಮಹಾಸಭೆಯೊಂದು ನೆರೆಯಿತು. ದೇವಾಲಯಗಳಲ್ಲಿ ಕ್ರಿಸ್ತನ ಮತ್ತು ಸಂತರ ಚಿತ್ರಗಳನ್ನು ಇಡಬಹುದೇ, ಅವುಗಳಿಗೆ ನಮಸ್ಕರಿಸಬಹುದೇ ಎಂಬುದು ಅಂದಿನ ವಿವಾದ. ಶಿಲುಬೆಗೂ ಸುವಾರ್ತೆಯ ಗ್ರಂಥಕ್ಕೂ ಧೂಪ ದೀಪಗಳಿಂದ ಗೌರವವನ್ನು ಸಲ್ಲಿಸುವಂತೆಯೇ ಚಿತ್ರಗಳಿಗೂ ಸಲ್ಲಿಸಬಹುದು. ಆದರೆ ಲಾಟ್ರಿಯಾ ಮಾತ್ರ ದೇವರೊಬ್ಬನಿಗೇ ಮೀಸಲು ಎಂದು ಸಭೆಯು ತೀರ್ಮಾನಿಸಿತು. ಪುಸ್ತಕಕ್ಕೆ ದೀಪ ಬೆಳಗುವುದೂ ಪುಸ್ತಕವನ್ನು ದೇವರೆನ್ನುವುದೂ ಬೇರೆ ಬೇರೆ ಎಂಬ ವಿವೇಕವು ಆ ಮತದಲ್ಲಿಯೂ ಅಷ್ಟು ಹಿಂದಿನಿಂದಲೇ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗಿದ್ದರೂ ಈ ನಿಂದಾಶಬ್ದವು ಏಕೆ ಬೇಕಾಯಿತು? ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಲೂಥರನು ಪೋಪರ ಅಧಿಕಾರವನ್ನು ತಳ್ಳಿ, ಧರ್ಮವಿಷಯದಲ್ಲಿ ಗ್ರಂಥವೊಂದೇ ಪರಮ ಪ್ರಮಾಣವೆಂದು ಸಾರಿದನು. ಅವನು ೧೫೩೪ರಲ್ಲಿ ಇಡೀ ಬೈಬಲನ್ನು ಜನರ ಭಾಷೆಗೆ ಇಳಿಸಿ ಮುದ್ರಿಸಿದುದು ಪುಸ್ತಕದ ಬಾಗಿಲನ್ನು ಎಲ್ಲರಿಗೂ ತೆರೆದ ಮಹತ್ಕಾರ್ಯ. ಆದರೆ ಅವನ ಅನುಯಾಯಿಗಳ ತಲೆಮಾರುಗಳಲ್ಲಿ ಒಂದು ಭಯವು ಹುಟ್ಟಿತು. ಪೀಠವನ್ನು ಬಿಟ್ಟು ಗ್ರಂಥವನ್ನು ಹಿಡಿದಾಯಿತು. ಗ್ರಂಥದಲ್ಲಿಯೂ ಒಂದು ಅಕ್ಷರ ಸಡಿಲವಾದರೆ ಗತಿಯೇನು? ಈ ಭಯವು ಎಲ್ಲಿಯ ವರೆಗೆ ಹೋಯಿತೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆನು.

ಬೈಬಲಿನ ಪೂರ್ವಭಾಗವಿರುವುದು ಹೀಬ್ರೂ ಭಾಷೆಯಲ್ಲಿ. ಆ ಲಿಪಿಯಲ್ಲಿ ಪ್ರಾಚೀನರು ಬಹುಮಟ್ಟಿಗೆ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು. ನಮ್ಮ ಲಿಪಿಯಲ್ಲಿ ಕಾಗುಣಿತವಿಲ್ಲದೆ ‘ಮ’ಕಾರ ‘ರ’ಕಾರಗಳನ್ನು ಮಾತ್ರ ಬರೆದಿಟ್ಟರೆ, ಓದುವವನು ಅದನ್ನು ಮರವೆನ್ನಬಹುದು, ಮೂರೆನ್ನಬಹುದು, ಮಾರಿಯೆನ್ನಬಹುದು, ಮೊರೆಯೆನ್ನಬಹುದು. ಗುರುಮುಖದಿಂದ ಪಾಠವಾದವರಿಗೆ ಮಾತ್ರ ನಿಜವಾದ ಉಚ್ಚಾರಣೆ ತಿಳಿಯುವುದು. ಕ್ರಿಸ್ತನ ಕಾಲವಾಗಿ ಎಷ್ಟೋ ಶತಮಾನಗಳ ಮೇಲೆ ಯೆಹೂದ್ಯ ಪಂಡಿತರು ಆ ಪಾಠಪರಂಪರೆಯು ನಷ್ಟವಾಗದಿರಲೆಂದು ಅಕ್ಷರಗಳ ಮೇಲೂ ಕೆಳಗೂ ಚುಕ್ಕೆ ಗೆರೆಗಳನ್ನಿಟ್ಟು ಸ್ವರಗಳನ್ನು ಸೂಚಿಸಿದರು. ೧೬೨೪ರಲ್ಲಿ ಲೂಯಿ ಕಾಪೆಲ್ ಎಂಬ ಫ್ರೆಂಚ್ ಪಂಡಿತನು, ತಾನೂ ಪ್ರೊಟೆಸ್ಟೆಂಟ್ ಪಕ್ಷದವನೇ ಆಗಿದ್ದು, ಈ ಚುಕ್ಕೆಗಳು ಮೂಲದವಲ್ಲ, ಈಚಿನವು ಎಂದು ತೋರಿಸಿಕೊಟ್ಟನು. ಬಾಸೆಲ್ ನಗರದ ಬುಕ್ಸ್‌ಟಾರ್ಫ್ ಮನೆತನದ ತಂದೆ ಮಕ್ಕಳಿಬ್ಬರೂ ಮಹಾವಿದ್ವಾಂಸರು. ಚುಕ್ಕೆಗಳೂ ಪ್ರಾಚೀನವೇ ಎಂಬುದು ಅವರ ಪಕ್ಷ. ಕೊನೆಗೆ ೧೬೭೫ರಲ್ಲಿ ಸ್ವಿಟ್ಜರ್ಲೆಂಡಿನ ಧರ್ಮಾಧಿಕಾರಿಗಳು, ವ್ಯಂಜನಗಳಷ್ಟೇ ಅಲ್ಲ, ಆ ಚುಕ್ಕೆಗಳು ಅಥವಾ ಕಡೆಯ ಪಕ್ಷ ಅವುಗಳ ಅರ್ಥಶಕ್ತಿಯೂ ದೈವಪ್ರೇರಿತವೇ ಎಂದು ಒಂದು ಮತಪತ್ರವನ್ನು ಹೊರಡಿಸಿದರು. ಪಂಡಿತರು ತಮ್ಮ ಶಿಷ್ಯರ ಅನುಕೂಲಕ್ಕಾಗಿ ಮಾಡಿಕೊಂಡ ಗುರುತುಗಳು ಈ ರೀತಿ ದೇವರ ಕೈಬರಹವಾದುವು.

ಈ ಪ್ರವೃತ್ತಿಯನ್ನು ಖಂಡಿಸಿದವರಲ್ಲಿ ಜರ್ಮನಿಯ ಲೆಸಿಂಗ್ ಅಗ್ರಗಣ್ಯನು. ೧೭೭೦ರಿಂದ ಆತನು ವುಲ್ಫೆನ್‌ಬ್ಯುಟೆಲ್ ಎಂಬಲ್ಲಿಯ ದೊಡ್ಡ ಪುಸ್ತಕಭಂಡಾರದ ಅಧಿಕಾರಿಯಾಗಿದ್ದನು. ಪುಸ್ತಕಗಳ ಮಧ್ಯದಲ್ಲಿಯೇ ಬಾಳಿದವನು ಪುಸ್ತಕಭಕ್ತಿಯ ಅತಿರೇಕವನ್ನು ಗುರುತಿಸಿದನೆಂಬುದು ವಿಚಾರಾರ್ಹವಾದ ಸಂಗತಿ. ಸುವಾರ್ತೆಗಳನ್ನು ಬರೆಯುವುದಕ್ಕೆ ಮುಂಚೆಯೇ ಕ್ರೈಸ್ತಧರ್ಮವಿದ್ದಿತಲ್ಲವೇ, ಆದುದರಿಂದ ಗ್ರಂಥಕ್ಕೆ ಬಂದ ಆಕ್ಷೇಪವು ಧರ್ಮಕ್ಕೆ ಬಂದ ಆಕ್ಷೇಪವೆಂದು ಹೆದರಬೇಕಾದುದಿಲ್ಲ ಎಂಬುದು ಅವನ ವಾದ. ಹ್ಯಾಂಬರ್ಗ್ ನಗರದ ಧರ್ಮಬೋಧಕನೊಬ್ಬನೊಡನೆ ಇದರಿಂದ ಘೋರವಾದ ವಾಗ್ಯುದ್ಧವೇ ನಡೆದು, ೧೭೭೮ರಲ್ಲಿ ಪ್ರಭುತ್ವವು ಅವನಿಗಿದ್ದ ಪ್ರಕಟನಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಅವನು ಬರೆಯತೊಡಗಿ ಮುಗಿಸದೆ ಬಿಟ್ಟ ಲೇಖನವೊಂದಕ್ಕೆ ಈ ಶಬ್ದವೇ ಶೀರ್ಷಿಕೆ. ಇಂಗ್ಲೆಂಡಿನಲ್ಲಿ ಕವಿ ಕೋಲ್‌ರಿಜ್ ಇದೇ ವಿಷಯವನ್ನು ಚರ್ಚಿಸಿ ಬರೆದ ಪತ್ರಗಳು ಅವನ ಮರಣಾನಂತರ ೧೮೪೦ರಲ್ಲಿ ಅಚ್ಚಾದುವು. ಅವನು ನಾಸ್ತಿಕನಲ್ಲ, ಬೈಬಲನ್ನು ಪ್ರೀತಿಸಿ ಓದಿದವನು. ಬೇರೆಯ ಗ್ರಂಥವನ್ನು ಓದುವಾಗ ಬಳಸುವ ಬುದ್ಧಿಯನ್ನೇ ಬಳಸಿ ಓದಿದರೆ ಅದರ ಮಹಿಮೆಯು ತಾನಾಗಿಯೇ ಪ್ರಕಟವಾಗುವುದೆಂಬುದು ಅವನ ಅಭಿಪ್ರಾಯ. ಅಲ್ಲಿಂದ ಮುಂದೆ ವಿಜ್ಞಾನಿ ಹಕ್ಸ್‌ಲಿಯು ಡಾರ್ವಿನ್ನನ ಗ್ರಂಥವನ್ನು ಕುರಿತು ೧೮೬೦ರಲ್ಲಿ ಬರೆದಾಗ, ಸೃಷ್ಟಿಯ ಇತಿಹಾಸವನ್ನು ಧರ್ಮಗ್ರಂಥದಲ್ಲಿಯೇ ಹುಡುಕಬೇಕೆನ್ನುವವರನ್ನು ಇದೇ ಹೆಸರಿನಿಂದ ಕರೆದನು. ಆ ಕಲಹವು ಅಷ್ಟಕ್ಕೇ ಮುಗಿಯಲಿಲ್ಲ. ೧೯೨೫ರಲ್ಲಿ ಅಮೆರಿಕದ ಟೆನೆಸೀ ಸಂಸ್ಥಾನದ ಡೇಟನ್ ಎಂಬ ಊರಿನಲ್ಲಿ, ಜೀವವಿಕಾಸವನ್ನು ಪಾಠ ಹೇಳಿದನೆಂಬ ಅಪರಾಧಕ್ಕಾಗಿ ಒಬ್ಬ ಉಪಾಧ್ಯಾಯನಿಗೆ ನೂರು ಡಾಲರು ದಂಡ ವಿಧಿಸಿದರು. ಮೇಲಿನ ನ್ಯಾಯಾಲಯವು ೧೯೨೭ರಲ್ಲಿ ಆ ತೀರ್ಪನ್ನು ರದ್ದುಮಾಡಿತಾದರೂ, ಕಾನೂನು ೧೯೬೭ರ ವರೆಗೆ ಉಳಿದಿದ್ದಿತು.

ಇಷ್ಟನ್ನು ಓದಿದ ವಾಚಕರು, ಇವೆಲ್ಲ ಪರರ ಮನೆಯ ದೋಷಗಳು ಎಂದು ನಗಬಾರದು. ಆ ಗ್ರಂಥಭಕ್ತಿಯ ಇನ್ನೊಂದು ಮುಖವನ್ನು ನಾವು ಕನ್ನಡಿಗರೇ ಕಂಡಿದ್ದೇವೆ. ತಮ್ಮ ಗ್ರಂಥವು ಕನ್ನಡಿಗರಿಗೆ ಕನ್ನಡದಲ್ಲಿಯೇ ದೊರೆಯಬೇಕೆಂಬ ಹಟದಿಂದ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ವರ್ಷಗಟ್ಟಲೆ ದುಡಿದು, ೧೮೩೧ರ ವೇಳೆಗೆ ಇಡೀ ಬೈಬಲಿನ ಅನುವಾದವನ್ನು ಮುಗಿಸಿದನು. ಚುಕ್ಕೆಗಳಿಗಾಗಿ ವಾದಿಸಿದ ಅದೇ ಬಾಸೆಲ್ ನಗರದ ಮಿಷನ್ನಿನಿಂದ ೧೮೫೩ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಮಹಾಶಯರು ೧೮೯೪ರಲ್ಲಿ ಮುದ್ರಿಸಿದ ಮಹಾನಿಘಂಟನ್ನು ಇಂದಿಗೂ ನಾವು ಕೈಯಲ್ಲಿ ಹಿಡಿಯುತ್ತೇವೆ. ಗ್ರಂಥವೊಂದರಲ್ಲಿ ಭಕ್ತಿಯಿದ್ದುದರಿಂದಲೇ ಅವರು ಇಷ್ಟು ದೂರ ಬಂದರು. ಆ ಭಕ್ತಿಯು ಅವರನ್ನು ಇನ್ನೊಂದು ಭಾಷೆಯ ಸಾವಿರಾರು ಶಬ್ದಗಳ ಶಿಷ್ಯರನ್ನಾಗಿ ಮಾಡಿತು. ಹಾಗಾದರೆ ಭಕ್ತಿಯೇ ದೋಷವೆಂದು ಹೇಳುವಂತಿಲ್ಲ. ಭಕ್ತಿಯು ಎಲ್ಲಿ ಹಾದಿ ತಪ್ಪುತ್ತದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಶಾಸ್ತ್ರಕಾರರು ಮೌನವಾಗಿರಲಿಲ್ಲ. ವೇದವು ಅಪೌರುಷೇಯವೆಂದು ಒಪ್ಪಿದವರೇ ಈ ವಿಷಯದಲ್ಲಿ ಎಷ್ಟು ನಿರ್ಭೀತರಾಗಿದ್ದರೆಂಬುದನ್ನು ಪಾಠಶಾಲೆಯಲ್ಲಿ ಓದಿದಾಗ ನಾನೇ ಬೆರಗಾಗಿದ್ದೆನು. ಪದ, ಕ್ರಮ, ಜಟೆ, ಘನಗಳೆಂಬ ಪಾಠಕ್ರಮಗಳಿಂದ ಒಂದು ಸ್ವರವೂ ಜಾರದಂತೆ ವೇದವನ್ನು ಕಾಪಾಡಿದವರು ಅವರು. ಆದರೂ ಅರ್ಥವರಿಯದೆ ವೇದವನ್ನು ಹೊತ್ತವನು ಹೊರೆ ಹೊತ್ತ ಕಂಬಕ್ಕೆ ಸಮಾನನೆಂದು ಯಾಸ್ಕಾಚಾರ್ಯರ ನಿರುಕ್ತದಲ್ಲಿಯೇ ಹೇಳಿದೆ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದ ಕೌತ್ಸನ ಮತವನ್ನು ಯಾಸ್ಕರು ಮುಚ್ಚಿಡಲಿಲ್ಲ. ತಮ್ಮ ಗ್ರಂಥದಲ್ಲಿಯೇ ಅದನ್ನು ಸವಿಸ್ತಾರವಾಗಿ ಬರೆದು, ಕುರುಡನು ಕಂಬವನ್ನು ಕಾಣದಿದ್ದರೆ ಅದು ಕಂಬದ ತಪ್ಪಲ್ಲವೆಂದು ಉತ್ತರವಿತ್ತರು. ಬಯ್ಯಲಿಲ್ಲ, ಬಹಿಷ್ಕರಿಸಲಿಲ್ಲ, ಉತ್ತರ ಕೊಟ್ಟರು. ಪಾಣಿನೀಯ ಶಿಕ್ಷೆಯು ಅಧಮರಾದ ಪಾಠಕರು ಆರು ಬಗೆಯವರೆಂದು ಎಣಿಸುವಾಗ, ಬರೆದುದನ್ನು ನೋಡಿ ಓದುವವನನ್ನೂ ಅರ್ಥವರಿಯದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು.

ಮೀಮಾಂಸಕರನ್ನು ನೋಡಿರಿ. ಯಜ್ಞದ ಯೂಪಸ್ತಂಭವನ್ನು ಸೂರ್ಯನೆಂದೇ ಕರೆಯುವ ವೇದವಾಕ್ಯವೊಂದಿದೆ. ಕಂಬವು ಸೂರ್ಯನಲ್ಲವೆಂಬುದು ಕಣ್ಣಿಗೆ ಕಾಣುತ್ತದೆ. ಗ್ರಂಥಕ್ಕೆ ದಾಸನಾದವನು ಇಲ್ಲಿ ಕಣ್ಣನ್ನು ಮುಚ್ಚಿಕೊಳ್ಳಬೇಕಾಗಿದ್ದಿತು. ಮೀಮಾಂಸಕನು ಹಾಗೆ ಮಾಡಲಿಲ್ಲ. ತುಪ್ಪ ಸವರಿದ ಯೂಪವು ಸೂರ್ಯನಂತೆ ಹೊಳೆಯುವುದರಿಂದ ಇದು ಸ್ತುತಿವಾಕ್ಯ ಎಂದು ಸಮನ್ವಯ ಮಾಡಿದನು. ಶ್ರೀ ಶಂಕರ ಭಗವತ್ಪಾದರಾದರೋ ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ, ಬೆಂಕಿಯು ತಣ್ಣಗಿರುವುದೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗಲಾರದು ಎಂಬ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಬರೆದಿರುವರು. ಪ್ರತ್ಯಕ್ಷಾದಿಗಳಿಗೆ ತಿಳಿಯದ ವಿಷಯದಲ್ಲಿ ಶ್ರುತಿ ಪ್ರಮಾಣ. ಪ್ರತ್ಯಕ್ಷಕ್ಕೆ ವಿರೋಧವಾಗಿ ಅಲ್ಲ. ಇದಕ್ಕಿಂತಲೂ ಆಶ್ಚರ್ಯಕರವಾದುದು ಮುಂಡಕೋಪನಿಷತ್ತಿನ ಆರಂಭ. ಅಲ್ಲಿ ಶೌನಕನಿಗೆ ಉಪದೇಶಿಸುವ ಅಂಗಿರಸರು ನಾಲ್ಕು ವೇದಗಳನ್ನೂ ಆರು ಅಂಗಗಳನ್ನೂ ಅಪರಾವಿದ್ಯೆಯೆಂಬ ಕೆಳಗಿನ ಮೆಟ್ಟಿಲಿನಲ್ಲಿರಿಸುತ್ತಾರೆ. ಈ ಮಾತನ್ನು ಹೇಳುತ್ತಿರುವುದು ವೇದವೇ! ತನ್ನನ್ನು ದಾಟಿ ಹೋಗೆಂದು ಓದುವವನಿಗೆ ತಾನೇ ಹೇಳುವ ಗ್ರಂಥಕ್ಕೆ ದಾಸನಾಗಿ ನಿಲ್ಲುವುದು ಆ ಗ್ರಂಥದ ಮಾತನ್ನು ಮೀರಿದಂತೆಯೇ ಸರಿ.

ಶಾಸ್ತ್ರವು ಹೀಗೆ ಹೇಳಿತೆಂದು ನಾವು ಬೀಗುವಂತಿಲ್ಲ. ಶಾಸ್ತ್ರವು ಒಂದು, ಆಚಾರವು ಇನ್ನೊಂದು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ, ನನ್ನ ಮನಸ್ಸನ್ನು ಬಹಳವಾಗಿ ಕಾಡಿದ ಒಂದು ಸಂಗತಿಯನ್ನು ಹೇಳುವೆನು.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ಗುರುಪರಂಪರೆಯಿಂದ ಬಂದ ಶ್ರುತಜ್ಞಾನವು ತಮ್ಮೊಡನೆಯೇ ಅಳಿದುಹೋದೀತೆಂಬ ಚಿಂತೆ ಹುಟ್ಟಿತೆಂದು ಜೈನ ಸಂಪ್ರದಾಯವು ಹೇಳುವುದು. ದಕ್ಷಿಣದಿಂದ ಬಂದ ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಅವರು ಅದನ್ನು ಕಲಿಸಿದರು. ಪುಷ್ಪದಂತರು ನಮ್ಮ ಬನವಾಸಿಯಲ್ಲಿದ್ದು ಆರಂಭಿಸಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಅದೇ ಷಟ್ಖಂಡಾಗಮ. ಅದು ಪುಸ್ತಕರೂಪವಾಗಿ ಮುಗಿದ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಅಂದು ಜೈನರು ಗ್ರಂಥಗಳನ್ನು ಪೂಜಿಸುವರು. ಜ್ಞಾನವು ಮುಚ್ಚಿಹೋಗದೆ ಮುಂದಿನವರಿಗೆ ದೊರೆಯಿತೆಂಬ ಸಂತೋಷವೇ ಆ ಪೂಜೆಯ ಮೂಲವೆಂಬುದನ್ನು ಮರೆಯಬಾರದು. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಇದಕ್ಕೆ ಧವಲವೆಂಬ ಮಹಾಟೀಕೆಯನ್ನು ಬರೆದರು.

ಈ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿಗಳು ಉಳಿದುದು ಮೂಡಬಿದಿರೆಯ ಬಸದಿಯೊಂದರಲ್ಲಿ ಮಾತ್ರ. ಶತಮಾನಗಳ ಕಾಲ ಯಾತ್ರಿಕರು ದೂರದೂರದಿಂದ ಬಂದು ಆ ಗರಿಗಳ ದರ್ಶನ ಮಾಡಿ ಕೃತಾರ್ಥರಾಗಿ ಹಿಂದಿರುಗುತ್ತಿದ್ದರು. ದರ್ಶನವುಂಟು, ಪಠನವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಸೊಲ್ಲಾಪುರಗಳ ಶ್ರೀಮಂತ ಶ್ರಾವಕರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯವು ಅಲ್ಲಿಯೇ ಆರಂಭವಾಗಿ, ಸುಮಾರು ಇಪ್ಪತ್ತೈದು ವರ್ಷಗಳು ಹಿಡಿದುವು. ಆದರೆ ಪ್ರತಿಯೂ ಊರು ಬಿಟ್ಟು ಹೋಗಬಾರದೆಂಬುದು ಅಲ್ಲಿಯವರ ಇಷ್ಟವಾಗಿದ್ದಿತು. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರೆಂಬ ಪಂಡಿತರು, ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡು ಉತ್ತರದೇಶಕ್ಕೆ ಒಯ್ದರು. ಅದರಿಂದ ಪ್ರತಿಗಳು ಹಬ್ಬಿದುವು. ೧೯೩೯ರಲ್ಲಿ ಅಮರಾವತಿಯಲ್ಲಿ ಹೀರಾಲಾಲ್ ಜೈನರು ಮೊದಲನೆಯ ಸಂಪುಟವನ್ನು ಮುದ್ರಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಪೂರ್ಣವಾದುವು. ಮುದ್ರಣವು ಆರಂಭವಾದ ಮೇಲೆ ಮೂಡಬಿದಿರೆಯವರೇ ಮೂಲದ ಗರಿಗಳೊಡನೆ ಪಾಠವನ್ನು ಹೋಲಿಸಲು ಅವಕಾಶ ಕೊಟ್ಟು ಔದಾರ್ಯವನ್ನು ತೋರಿದರು. ತೆರೆದು ನೋಡಿದಾಗ ಕರ್ಮಸಿದ್ಧಾಂತದೊಡನೆ ಗಣಿತವೂ ಅಲ್ಲಿದ್ದಿತು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದನ್ನು ‘ಅರ್ಧಚ್ಛೇದ’ವೆಂದು ಕರೆದು, ಇಂದಿನವರು ಲಾಗರಿತಮ್ ಎನ್ನುವುದನ್ನು ಹೋಲುವ ಗಣನೆಯನ್ನು ವೀರಸೇನರು ಬಳಸಿದ್ದರು. ಕೈಮುಗಿದು ಹೋದ ಎಷ್ಟು ಸಾವಿರ ಜನರಿಗೆ ಇದು ತಿಳಿದಿದ್ದೀತು?

ಇಲ್ಲಿ ಸುಲಭವಾದ ತೀರ್ಪನ್ನು ಕೊಡಲು ನನ್ನ ಮನಸ್ಸು ಒಪ್ಪದು. ಪಂಡಿತರು ಗುಟ್ಟಾಗಿ ಪ್ರತಿ ಮಾಡಿದುದು ನಂಬಿದವರಿಗೆ ಮಾಡಿದ ವಂಚನೆಯಲ್ಲವೇ? ಹೌದು. ಆ ವಂಚನೆಯಿಲ್ಲದಿದ್ದರೆ ಗ್ರಂಥವು ಇನ್ನೆಷ್ಟು ಕಾಲ ಕತ್ತಲೆಯಲ್ಲಿರುತ್ತಿದ್ದಿತೋ ಯಾರು ಬಲ್ಲರು? ಅದೂ ಹೌದು. ಇಷ್ಟರಿಂದ ಬಸದಿಯವರು ತಪ್ಪಿತಸ್ಥರೆಂದು ಹೇಳಿಬಿಡಬಹುದೇ? ಅದೂ ಆಗದು. ಲೋಕದಲ್ಲಿ ಬೇರೆಲ್ಲಿಯೂ ಉಳಿಯದ ಗರಿಗಳು ಅಲ್ಲಿ ಉಳಿದುದು ಏತರಿಂದ? ಮಳೆ, ಗೆದ್ದಲು, ರಾಜ್ಯಗಳ ಏಳುಬೀಳುಗಳನ್ನು ದಾಟಿಸಿ ಅವನ್ನು ನಮ್ಮ ಕಾಲಕ್ಕೆ ತಂದುಮುಟ್ಟಿಸಿದುದು ಆ ಪೂಜೆಯೇ. ಅರ್ಥ ತಿಳಿಯದಿದ್ದರೂ ಇದು ದೊಡ್ಡದೆಂದು ನಂಬಿ ದೀಪ ಹಚ್ಚಿದ ಅಜ್ಞಾತರಿಲ್ಲದಿದ್ದರೆ, ಹೀರಾಲಾಲರಿಗೆ ಸಂಪಾದಿಸಲು ಏನಿರುತ್ತಿದ್ದಿತು? ಗರಿಯನ್ನು ಉಳಿಸಿದುದೂ ಭಕ್ತಿ. ಗರಿಯನ್ನು ಮುಚ್ಚಿದುದೂ ಭಕ್ತಿ. ಕೈ ಒಂದೇ, ಅದು ಮಾಡಿದ ಕೆಲಸಗಳು ಎರಡು.

ಗ್ರಂಥವೆಂಬ ನಮ್ಮ ಶಬ್ದದಲ್ಲಿಯೇ ಈ ಎರಡೂ ಅಡಗಿವೆಯೆಂದು ನನಗೆ ತೋರುವುದು. ಗ್ರಂಥವೆಂದರೆ ಕಟ್ಟಿದುದು, ಪೋಣಿಸಿದುದು. ಗರಿಗಳು ಚದರದಂತೆ ದಾರವನ್ನು ಕಟ್ಟಬೇಕು, ಕಟ್ಟದಿದ್ದರೆ ಗ್ರಂಥವಿಲ್ಲ. ಆದರೆ ಓದಬೇಕಾದರೆ ಆ ಗಂಟನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಗ್ರಂಥವಿದ್ದೂ ಇಲ್ಲ. ಕಟ್ಟುವುದೂ ಬಿಚ್ಚುವುದೂ ತಿಳಿದ ಭಕ್ತಿಯು ಪೂಜೆ. ಕಟ್ಟುವುದನ್ನು ಮಾತ್ರ ತಿಳಿದ ಭಕ್ತಿಗೆ ಬೇರೆ ಹೆಸರು ಬೇಕು.

ಆ ಹೆಸರಾವುದು? ಅದನ್ನು ಹೇಳುವುದಕ್ಕೆ ಮುಂಚೆ, ಈ ದೋಷವು ಧರ್ಮಗ್ರಂಥಗಳಿಗೆ ಮಾತ್ರ ಅಂಟಿದುದಲ್ಲವೆಂಬುದನ್ನು ತೋರಿಸಲು ನನ್ನದೇ ಒಂದು ಅಪರಾಧವನ್ನು ನಿವೇದಿಸಬೇಕಾಗಿದೆ. ನಾನು ಸಂಸ್ಕೃತ ಕನ್ನಡಗಳನ್ನು ಹೇಳಿಕೊಡುತ್ತಿದ್ದವನು. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಗಣಿತದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿವಸ, ಅವರ ತರಗತಿಯನ್ನು ನೋಡಿಕೊಳ್ಳಲು ನನ್ನನ್ನು ಕಳುಹಿಸಿದರು. ಪಠ್ಯಪುಸ್ತಕದಿಂದ ಒಂದು ಲೆಕ್ಕವನ್ನು ಕೊಟ್ಟೆನು. ಹನ್ನೆರಡು ಆಳುಗಳು ಹತ್ತು ದಿನಗಳಲ್ಲಿ ಮಾಡುವ ಕೆಲಸ. ನಾಲ್ಕು ದಿನಗಳಾದ ಮೇಲೆ ನಾಲ್ವರು ಬಿಟ್ಟುಹೋದರು. ಉಳಿದ ಕೆಲಸವನ್ನು ಉಳಿದವರು ಎಷ್ಟು ದಿನಗಳಲ್ಲಿ ಮುಗಿಸುವರು? ಪುಸ್ತಕದ ಕೊನೆಯಲ್ಲಿ ಎಂಟು ಎಂದು ಅಚ್ಚಾಗಿದ್ದಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಒಂಬತ್ತು ಎಂದನು. ತಪ್ಪೆಂದೆನು. ಅವನು ಎದ್ದು ನಿಂತು, “ಸಾರ್, ಪುಸ್ತಕದಲ್ಲೇ ತಪ್ಪಿರಬೇಕು” ಎಂದನು. ತರಗತಿಯು ನಕ್ಕಿತು. ಪುಸ್ತಕ ತಪ್ಪು, ನೀನು ಸರಿಯೋ ಎಂದು ಗದರಿಸಿ, ಗಂಟೆ ಬಾರಿಸುವ ವರೆಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು.

ರಾತ್ರಿ ಮನಸ್ಸು ತಡೆಯದೆ ಕಾಗದದ ಮೇಲೆ ಲೆಕ್ಕವನ್ನು ಮಾಡಿ ನೋಡಿದೆನು. ಉಳಿದುದು ಹನ್ನೆರಡು ಆಳುಗಳ ಆರು ದಿನಗಳ ಕೆಲಸ, ಎಂದರೆ ಎಪ್ಪತ್ತೆರಡು ಆಳುದಿನಗಳು. ಎಂಟು ಜನರಿಗೆ ಒಂಬತ್ತು ದಿನ. ಹುಡುಗನು ಹೇಳಿದುದೇ ಸರಿ. ಪೆನ್ಸಿಲಿನಿಂದ ಪುಸ್ತಕವನ್ನು ತಿದ್ದಿದೆನು. ಮರುದಿನ ಗಣಿತದ ಉಪಾಧ್ಯಾಯರು ಬಂದರು. ಪುಸ್ತಕವನ್ನು ಹಿಂದಕ್ಕೆ ಕೊಟ್ಟೆನು. ಹುಡುಗನಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಅವನು ಶಾಲೆಯನ್ನು ಮುಗಿಸಿ ಹೋದನು. ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದನು. ಆದರೆ ನನ್ನ ಸಂಸ್ಕೃತದ ತರಗತಿಯಲ್ಲಿ ಕುಳಿತಿದ್ದ ಅಷ್ಟು ಕಾಲವೂ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಪುಸ್ತಕವನ್ನು ತಿದ್ದುವುದು ನನಗೆ ಕಷ್ಟವಾಗಲಿಲ್ಲ. ಹುಡುಗನೊಡನೆ ಒಪ್ಪಿಕೊಳ್ಳುವುದು ಕಷ್ಟವಾಯಿತು. ಇದನ್ನು ಯೋಚಿಸಿದಾಗ ಒಂದು ರಹಸ್ಯವು ತಿಳಿಯುತ್ತದೆ. ಅಂದು ನಾನು ಕಾಪಾಡಿದುದು ಪುಸ್ತಕದ ಮಾನವನ್ನಲ್ಲ, ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದ ನನ್ನ ಮಾನವನ್ನು. ಗ್ರಂಥವನ್ನು ಪ್ರಶ್ನಿಸಬಾರದೆನ್ನುವವನು ಎಷ್ಟೋ ವೇಳೆ ತನ್ನನ್ನು ಪ್ರಶ್ನಿಸಬಾರದೆಂದೇ ಹೇಳುತ್ತಿರುತ್ತಾನೆ. ತನ್ನ ಬುದ್ಧಿಯನ್ನು ಪುಸ್ತಕಕ್ಕೆ ಒತ್ತೆಯಿಟ್ಟು, ಅದಕ್ಕೆ ಪ್ರತಿಫಲವಾಗಿ ಅಧಿಕಾರವನ್ನು ಪಡೆಯುತ್ತಾನೆ. ಲಾಟ್ರಿಸ್ ಎಂದರೆ ಕೂಲಿಯಾಳೆಂದು ಮೊದಲೇ ಹೇಳಿದೆನಷ್ಟೆ. ಆಳುಗಳ ಲೆಕ್ಕವನ್ನು ಹೇಳಿಕೊಡುತ್ತಿದ್ದ ಆ ದಿನ ಪುಸ್ತಕದ ಕೂಲಿಯಾಳಾಗಿದ್ದವನು ನಾನು.

ಈಗ ಶಬ್ದಕ್ಕೆ ಬರೋಣ. ನಾನು ಥಟ್ಟನೆ ಹೇಳಿದ ‘ಗ್ರಂಥಪೂಜೆ’ ಸರಿಯಲ್ಲ, ಪೂಜೆಯಲ್ಲಿ ದೋಷವಿಲ್ಲ. ‘ಗ್ರಂಥಾತಿಭಕ್ತಿ’ಯೂ ನನಗೆ ಒಪ್ಪಿಗೆಯಾಗದು, ದೋಷವಿರುವುದು ಭಕ್ತಿಯ ಪ್ರಮಾಣದಲ್ಲಿಯಲ್ಲ, ರೀತಿಯಲ್ಲಿ. ಯಾಸ್ಕರಿಗೆ ವೇದದಲ್ಲಿದ್ದ ಭಕ್ತಿ ಕಡಮೆಯೆಂದು ಯಾರು ಹೇಳಬಲ್ಲರು? ‘ಗ್ರಂಥದಾಸ್ಯ’ವೆಂಬುದೇ ಯುಕ್ತವೆಂದು ನನ್ನ ಅಭಿಪ್ರಾಯ. ದಾಸ್ಯವೂ ನವವಿಧ ಭಕ್ತಿಗಳಲ್ಲಿ ಒಂದಲ್ಲವೇ, ಹರಿದಾಸರ ನಾಡಿನಲ್ಲಿ ಅದನ್ನು ನಿಂದೆಯ ಮಾತಾಗಿ ಬಳಸಬಹುದೇ ಎಂದು ವಾಚಕರು ಆಕ್ಷೇಪಿಸಬಹುದು. ಈ ಆಕ್ಷೇಪವೇ ಆ ಶಬ್ದದ ಸೊಗಸು. ಹರಿಗೆ ದಾಸನಾಗುವುದು ಭೂಷಣ. ಹರಿಗಲ್ಲದೆ ಬೇರೊಂದಕ್ಕೆ ಆ ದಾಸ್ಯವನ್ನು ಸಲ್ಲಿಸುವುದು ದೋಷ. ನಿಕೇಯದ ಸಭೆಯವರು ಲಾಟ್ರಿಯಾವನ್ನು ಕುರಿತು ಹೇಳಿದುದೂ ಇದನ್ನೇ. ಎರಡು ಭಾಷೆಗಳ ಎರಡು ಶಬ್ದಗಳು ಊಳಿಗದಿಂದ ಹುಟ್ಟಿ, ದೇವರ ಸನ್ನಿಧಿಯ ವರೆಗೆ ಏರಿ, ಅಲ್ಲಿ ಒಂದಾಗುತ್ತವೆ.

ವ್ಯತ್ಯಾಸವನ್ನು ಗುರುತಿಸುವುದು ಹೇಗೆಂದರೆ, ಒಂದು ಪರೀಕ್ಷೆ ಸಾಕು. ಯಾವನಾದರೂ ಚಿಕ್ಕವನು ಗ್ರಂಥವನ್ನು ತೆರೆದು, ಇಲ್ಲಿ ನನಗೆ ಸಂಶಯವಿದೆ ಎಂದಾಗ ನಮಗೆ ಏನಾಗುತ್ತದೆಯೆಂಬುದನ್ನು ನಾವೇ ನೋಡಿಕೊಳ್ಳಬೇಕು. ಅವನ ಪಕ್ಕದಲ್ಲಿ ಕುಳಿತು ಪುಟವನ್ನು ತಿರುವಿ ನೋಡಬೇಕೆನಿಸಿದರೆ ಅದು ಪೂಜೆ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಬೇಕೆನಿಸಿದರೆ ಅದು ದಾಸ್ಯ.

ಶಾರದಾಪೂಜೆಯನ್ನು ನಾವು ಬಿಡಬೇಕಾದುದಿಲ್ಲ. ಕಾಲು ತಗಲಿದ ಕಾಗದವನ್ನು ಕಣ್ಣಿಗೊತ್ತಿಕೊಳ್ಳುವ ಮಕ್ಕಳನ್ನು ನೋಡಿ ನಗಬೇಕಾದುದೂ ಇಲ್ಲ. ಆದರೆ ಮಣೆಯ ಮೇಲೆ ಪುಸ್ತಕವನ್ನಿಡುವ ಕ್ರಮದಲ್ಲಿ ಅದನ್ನು ಕೆಳಗಿಳಿಸಿ ಓದುವ ದಿನವೂ ಇದೆಯೆಂಬುದು ನೆನಪಿರಲಿ. ನಮ್ಮ ಹಿರಿಯರು ಆ ದಿನಕ್ಕೆ ವಿಜಯದಶಮಿಯೆಂದು ಹೆಸರಿಟ್ಟರು, ವಿದ್ಯಾರಂಭವನ್ನೂ ಅಂದೇ ಮಾಡಿಸಿದರು. ಆ ದಿನ ಬೆಳಿಗ್ಗೆ ನಾನು ವಾಚನಾಲಯಕ್ಕೆ ಹೋಗಿ, ಉದ್ವಾಸನೆಯಾದ ಕೂಡಲೆ ಆ ರಾಶಿಯಿಂದ ತರುಣರ ಪುಸ್ತಕವನ್ನು ಹುಡುಕಿ ತೆಗೆದೆನು. ಹೊದಿಕೆಯ ಮೇಲೆ ಕುಂಕುಮವಿನ್ನೂ ಇದ್ದಿತು. ಅದನ್ನು ಅವರ ಕೈಯಲ್ಲಿಟ್ಟು, “ಓದಿ ನೋಡಪ್ಪ. ತಪ್ಪು ಕಂಡರೆ ನನಗೂ ಹೇಳು” ಎಂದೆನು. ಈ ಮಾತನ್ನು ಮೂವತ್ತೈದು ವರ್ಷಗಳ ಹಿಂದೆ ಇನ್ನೊಬ್ಬನಿಗೆ ಹೇಳಬೇಕಾಗಿದ್ದಿತು.